ಸಿದ್ಧಪ್ಪನೂ ಸಿದ್ದಪ್ಪನೂ ಒಬ್ಬರೇ

ನಮ್ಮಪ್ಪನ ಪ್ರಾಣ ಹೋಗಿ ಆರು ವರ್ಷ ಆಯಿತು. ಮಹಾಪ್ರಾಣ ಹೋಗಿರುವುದು ಮಾತ್ರ ಗೊತ್ತಾಗಿದ್ದು ಮೊನ್ನೆ, ತಾಲ್ಲೂಕು ಕಚೇರಿಯ ಕಿಟಕಿಯ ಮುಂದೆ.

ಪಹಣಿಯಲ್ಲಿ, ಅಂದರೆ ಜಮೀನಿನ ದಾಖಲೆಯಲ್ಲಿ, ಅವರ ಹೆಸರು ಸಿದ್ಧಪ್ಪ. ಆಧಾರ್‌ನಲ್ಲಿ ಸಿದ್ದಪ್ಪ. ಒಂದು ಕಡೆ ಒತ್ತಕ್ಷರದ ಹೊಟ್ಟೆ ಸೀಳಿದೆ, ಇನ್ನೊಂದು ಕಡೆ ಸೀಳಿಲ್ಲ. ಅಷ್ಟೇ ವ್ಯತ್ಯಾಸ. ಅಪ್ಪ ಬದುಕಿದ್ದಾಗ ಊರಲ್ಲಿ ಯಾರೂ ಅವರನ್ನು ಎರಡರಲ್ಲಿ ಯಾವ ಹೆಸರಿನಿಂದಲೂ ಕರೆದವರಲ್ಲ. ಎಲ್ಲರಿಗೂ ಅವರು ಸಿದ್ದಣ್ಣ. ಕೋಪ ಬಂದವರಿಗೆ ಸಿದ್ದ.

"ಇವರು ಬೇರೆ, ಅವರು ಬೇರೆ ಸಾರ್," ಅಂದರು ಕೇಸ್ ವರ್ಕರ್.

"ಇಲ್ಲ ಸಾರ್, ಇಬ್ಬರೂ ನಮ್ಮಪ್ಪನೇ."

"ಹಾಗಂತ ನೀವು ಹೇಳ್ತೀರ. ಸಿಸ್ಟಮ್ ಹೇಳಲ್ವಲ್ಲ."

ನನಗೆ ಇಬ್ಬರು ಅಪ್ಪಂದಿರು ಅಂತ ಮನೆಗೆ ಹೋಗಿ ನಮ್ಮಮ್ಮನ ಮುಂದೆ ಹೇಳುವ ಧೈರ್ಯ ನನಗಿಲ್ಲ. ಅದಕ್ಕೆ ಪರಿಹಾರ ಏನು ಅಂತ ಕೇಳಿದೆ. ಅವರು ತಲೆ ಎತ್ತದೆ ಹೇಳಿದರು: "ಹೊರಗೆ ಟೈಪಿಂಗ್ ಅಂಗಡಿ ಇದೆ. ಎರಡೂ ಹೆಸರಿನವರು ಒಬ್ಬರೇ ಅಂತ ಒಂದು ಅಫಿಡವಿಟ್ ಮಾಡಿಸ್ಕೊಂಡು ಬನ್ನಿ."

ಈ ಅಫಿಡವಿಟ್ಟಿಗೆ ಛಾಪಾ ಕಾಗದ ಹಿಂದೆ 20 ರೂಪಾಯಿಯದ್ದು ಸಾಕಿತ್ತು. 2024ರಿಂದ 100 ರೂಪಾಯಿಯದ್ದು ಬೇಕು. ಟೈಪಿಂಗ್‌ನವರಿಗೆ ಬೇರೆ, ನೋಟರಿಗೆ ಬೇರೆ. ಒಂದು ಒತ್ತಕ್ಷರದ ಹೊಟ್ಟೆ ಸೀಳಿದ್ದಕ್ಕೆ ನನ್ನ ಜೇಬಿನ ಹೊಟ್ಟೆಯೂ ಸೀಳಿತು.

ನಾನು ಹೋಗಿದ್ದು ಪೌತಿ ಖಾತೆಗೆ. ಪೌತಿ ಅಂದರೆ ಏನು ಅಂತ ನನ್ನ ಮಗಳು ಕೇಳಿದಳು. ಸತ್ತವರ ಹೆಸರಿನಿಂದ ಬದುಕಿರುವವರ ಹೆಸರಿಗೆ ಜಮೀನು ಬರುವುದು ಅಂದೆ. "ಹಾಗಿದ್ರೆ ಹಾಗೇ ಬರೀಬಹುದಲ್ವಾ ಅಪ್ಪ?" ಅಂದಳು. ಬರೆಯಬಹುದಿತ್ತು. ಆದರೆ ಪೌತಿ ಅನ್ನೋದು ಅರಬ್ಬಿಯಿಂದ ಹೊರಟು, ಪಾರ್ಸಿ ದಫ್ತರಗಳಲ್ಲಿ ಪಳಗಿ, ನಮ್ಮ ಕಂದಾಯ ಕಟ್ಟುಗಳಲ್ಲಿ ಬೇರು ಬಿಟ್ಟ ಪದ. ಅದನ್ನು ಕಿತ್ತರೆ ಕಟ್ಟೇ ಬಿಚ್ಚಿಹೋಗುತ್ತದೆ ಅಂತ ಭಯವೇನೋ. ಅದಕ್ಕೇ ಪದವನ್ನು ಮುಟ್ಟಲಿಲ್ಲ. 2025ರಲ್ಲಿ ಅದರ ಮುಂದೆ ಒಂದು 'ಇ' ಮಾತ್ರ ಸೇರಿಸಿದರು. ಈಗ ಅದು ಇ-ಪೌತಿ. ಸಾವೂ ಆನ್‌ಲೈನ್ ಆಯಿತು.

ಅಫಿಡವಿಟ್ ಟೈಪ್ ಆಗುವವರೆಗೆ ಕಚೇರಿಯ ಮುಂದಿನ ಹೊಂಗೆ ಮರದ ಕೆಳಗೆ ಕೂತೆ. ಎದುರಿಗೆ ಒಂದು ಬೋರ್ಡು. 'ಗ್ರಾಮ ಆಡಳಿತ ಅಧಿಕಾರಿ' ಅಂತ ಹೊಸದಾಗಿ ಬರೆದಿದ್ದರು. ಬಣ್ಣ ತೆಳ್ಳಗಾಗಿ ಅದರ ಕೆಳಗಿನಿಂದ 'ಗ್ರಾಮ ಲೆಕ್ಕಾಧಿಕಾರಿ' ಇಣುಕುತ್ತಿತ್ತು. ಅದರ ಕೆಳಗೂ ಕೆರೆದು ನೋಡಿದ್ದರೆ ಶಾನುಭೋಗರು ಸಿಕ್ಕುತ್ತಿದ್ದರೋ ಏನೋ.

ಅಲ್ಲಿಂದ ಶುರುವಾಯಿತು ನನ್ನ ತಲೆನೋವು. ನಮ್ಮಪ್ಪ ಒಂದು ಒತ್ತಕ್ಷರದಲ್ಲಿ ಹೆಚ್ಚುಕಮ್ಮಿ ಆಗಿದ್ದಕ್ಕೆ ನಾನು ಪ್ರಮಾಣ ಮಾಡಬೇಕು. ಇವರು ಇಡೀ ಹೆಸರನ್ನೇ ಬದಲಾಯಿಸಿಕೊಂಡು ಕೂತಿದ್ದಾರೆ. ಇವರು ಅವರೇ ಅಂತ ನನಗೆ ಅಫಿಡವಿಟ್ ಕೊಟ್ಟವರು ಯಾರು?

ಶಾನುಭೋಗಿಕೆ ವಂಶದಿಂದ ಬರುತ್ತಿತ್ತು. 1961ರ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯ್ದೆ ಅದನ್ನು ತೆಗೆದು ಹಾಕಿತು. ಒಳ್ಳೆಯದೇ ಆಯಿತು. ಆ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಲೆಕ್ಕಿಗ ಅನ್ನೋದು ಯಾಕೋ ತೂಕ ಕಮ್ಮಿ ಅನ್ನಿಸಿ ಲೆಕ್ಕಾಧಿಕಾರಿ ಅಂದರು. ಆಮೇಲೆ ಲೆಕ್ಕವೂ ಹೋಗಿ ಆಡಳಿತ ಬಂತು. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿ ಅನ್ನೋ ಹೆಸರಿನಲ್ಲೇ 1000 ಹುದ್ದೆಗೆ ಅರ್ಜಿ ಕರೆದರು. ಅದೇ ವರ್ಷ ಈ ಅಧಿಕಾರಿಗಳು ಮುಷ್ಕರಕ್ಕೂ ಕೂತರು. ಮೊಬೈಲ್ ಆಪ್‌ಗಳ ಕೆಲಸ ಜಾಸ್ತಿ ಆಯಿತು, ಅದಕ್ಕೆ ಬೇಕಾದ ಸೌಲಭ್ಯ ಕೊಡಿ ಅಂತ. ನ್ಯಾಯವಾದ ಬೇಡಿಕೆ. ಹೆಸರಿಗೆ ಆಡಳಿತ ಅಂತ ಸೇರಿಸಲು ಬಣ್ಣ, ಕುಂಚ ಸಾಕು. ಆಡಳಿತ ಮಾಡಲು ಮೇಜು, ಕುರ್ಚಿ, ಚಾರ್ಜ್ ನಿಲ್ಲುವ ಒಂದು ಫೋನು ಬೇಕಲ್ವಾ?

ನಮ್ಮೂರಲ್ಲಿ ಮಾತ್ರ ಹಳಬರು ಇವತ್ತಿಗೂ "ಶಾನುಭೋಗ್ರು ಬಂದಿದ್ರಾ?" ಅಂತಲೇ ಕೇಳುತ್ತಾರೆ. ಬಂದಿದ್ದವರು ಜೀನ್ಸ್ ಹಾಕಿಕೊಂಡ ಇಪ್ಪತ್ತಾರು ವರ್ಷದ ಹುಡುಗಿ.

ಇದು ಬಿಡಿ, ಸಣ್ಣ ಕೇಸು. ದೊಡ್ಡ ಕೇಸು ನಮ್ಮ ರಾಜ್ಯದ್ದೇ.

1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕ ಆಯಿತು. ಅದು ಹೆಮ್ಮೆಯ ದಿನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಸರು ಬದಲಾದ ಮೇಲೆ ಕಾಯ್ದೆಗಳಲ್ಲೂ ಬದಲಾಗಬೇಕಲ್ಲ. ಒಂದು ಆದೇಶ ಹೊರಡಿಸಿ, ಹಳೆಯ ಕಾಯ್ದೆಗಳಲ್ಲಿ ಮೈಸೂರು ಅಂತ ಇದ್ದ ಕಡೆಯೆಲ್ಲ ಕರ್ನಾಟಕ ಅಂತ ಓದಿಕೊಳ್ಳಿ ಅಂದರು. ಪರಿಣಾಮ ಏನಾಯಿತು? ಇವತ್ತು ಕಾನೂನು ಪುಸ್ತಕ ತೆಗೆದರೆ 'ಕರ್ನಾಟಕ ಜನರಲ್ ಕ್ಲಾಸಸ್ ಕಾಯ್ದೆ, 1899' ಅಂತ ಒಂದು ಇದೆ. ಯಾವ ಪದಕ್ಕೆ ಏನರ್ಥ ಅಂತ ಹೇಳುವುದೇ ಆ ಕಾಯ್ದೆಯ ಕೆಲಸ. 1899ರಲ್ಲಿ ಕರ್ನಾಟಕ ಅನ್ನೋ ರಾಜ್ಯವೇ ಇರಲಿಲ್ಲ. ಹುಟ್ಟುವ ಮುಂಚೆಯೇ ಕಾಯ್ದೆ ಮಾಡಿದ ರಾಜ್ಯ ನಮ್ಮದು. ನಾನು ಹುಟ್ಟಿದ ತಾರೀಕಿಗೂ ಸ್ಕೂಲ್ ಸರ್ಟಿಫಿಕೇಟಿಗೂ ಮೂರು ತಿಂಗಳ ವ್ಯತ್ಯಾಸ ಬಂದಿದ್ದಕ್ಕೆ ಪಾಸ್‌ಪೋರ್ಟಿಗೆ ಎಷ್ಟು ಅಲೆದೆ ಅಂತ ನನಗೆ ಗೊತ್ತು.

ಆ 1899ರ ಕಾಯ್ದೆಯಲ್ಲಿ ಇನ್ನೊಂದು ಸೊಗಸು. ಗಂಡಸರಿಗೆ ಬಳಸುವ ಪದದಲ್ಲಿ ಹೆಂಗಸರೂ ಸೇರಿದ್ದಾರೆ ಅಂತ ತಿಳಿಯಬೇಕು ಅನ್ನೋ ಮಾತು. ಆಗ ಮೈಸೂರಿನಲ್ಲಿ ಆಳುತ್ತಿದ್ದವರು ಯಾರು? ಮಗ ಇನ್ನೂ ಚಿಕ್ಕವನು ಅಂತ 1895ರಿಂದ 1902ರವರೆಗೆ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನ. ಒಬ್ಬ ಹೆಣ್ಣುಮಗಳ ಆಳ್ವಿಕೆಯಲ್ಲಿ, 'ಅವನು' ಅಂದರೆ 'ಅವಳು' ಕೂಡ ಹೌದು ಅಂತ ಕಾನೂನು ಬಂತು. 'ಅವಳು' ಅಂದರೆ 'ಅವನು' ಕೂಡ ಹೌದು ಅಂತ ಬರೆಯಲು ಯಾರಿಗೂ ಹೊಳೆಯಲಿಲ್ಲ. ಕಂಬಳಿ ಗಂಡನದ್ದು, ಚಳಿಯಾದರೆ ಹೆಂಡತಿಯೂ ಒಂದು ಅಂಚು ಎಳೆದುಕೊಳ್ಳಬಹುದು ಅನ್ನೋ ಲೆಕ್ಕ.

ಸುಧಾರಣೆ ಆಗಿಲ್ಲ ಅನ್ನಬೇಡಿ. 2023ರಲ್ಲಿ ಭಾರತ ದಂಡ ಸಂಹಿತೆಯನ್ನು ತೆಗೆದು ಭಾರತೀಯ ನ್ಯಾಯ ಸಂಹಿತೆ ತಂದರು. 2024ರ ಜುಲೈ 1ರಿಂದ ಜಾರಿ. 511 ಕಲಂ ಇದ್ದದ್ದು 358 ಆಯಿತು. ಅದರಲ್ಲಿ 'ಅವನು' ಅನ್ನೋ ಪದದೊಳಗೆ ಗಂಡಸರು, ಹೆಂಗಸರ ಜೊತೆಗೆ ಈಗ ಲಿಂಗತ್ವ ಅಲ್ಪಸಂಖ್ಯಾತರೂ ಬಂದರು. ಪದ ಮಾತ್ರ 'ಅವನು' ಅಂತಲೇ ಉಳಿಯಿತು. ಮನೆ ಅದೇ. ಒಳಗೆ ಜನ ಜಾಸ್ತಿ ಆದರು.

ಅದೇ ಸಂಹಿತೆಯಲ್ಲಿ ಒಂದು ಕ್ರಾಂತಿ ನಡೆದಿದೆ. ಯಾರೂ ಗಮನಿಸಲಿಲ್ಲ ಅಂತ ನನಗೆ ಬೇಜಾರು. 1860ರ ಹಳೇ ಸಂಹಿತೆಯಲ್ಲಿ ತಿಂಗಳು, ವರ್ಷ ಅಂದರೆ ಬ್ರಿಟಿಷ್ ಕ್ಯಾಲೆಂಡರ್ ಪ್ರಕಾರ ಅಂತ ಇತ್ತು. ಹೊಸದರಲ್ಲಿ ಗ್ರೆಗೋರಿಯನ್ ಕ್ಯಾಲೆಂಡರ್ ಪ್ರಕಾರ ಅಂತ ಬಂತು. ಎರಡರಲ್ಲೂ ಜನವರಿಗೆ 31 ದಿನ. ಎರಡರಲ್ಲೂ ಫೆಬ್ರವರಿ ಕುಂಟು. ವಸಾಹತುಶಾಹಿಯ ಸಂಕೋಲೆ ಕಳಚಿ, ರೋಮಿನ ಪೋಪ್ ಒಬ್ಬರ ಹೆಸರಿಗೆ ತಗುಲಿಸಿದ್ದಾಯಿತು. ಮಜಾ ಏನು ಗೊತ್ತಾ? ಕೇಂದ್ರದ 1897ರ ಜನರಲ್ ಕ್ಲಾಸಸ್ ಕಾಯ್ದೆಯಲ್ಲಿ ವರ್ಷ ಇನ್ನೂ ಬ್ರಿಟಿಷ್ ಕ್ಯಾಲೆಂಡರ್‌ನದ್ದೇ. ಅಂದರೆ ಕಳ್ಳತನ ಮಾಡಿದವನಿಗೆ ಗ್ರೆಗೋರಿಯನ್ ವರ್ಷ, ಉಳಿದ ಎಷ್ಟೋ ವ್ಯವಹಾರಕ್ಕೆ ಬ್ರಿಟಿಷ್ ವರ್ಷ. ಎರಡೂ ವರ್ಷಗಳು ಒಂದೇ ಅಂತ ಅಫಿಡವಿಟ್ ಎಲ್ಲಿದೆ? ಸಿದ್ಧಪ್ಪ, ಸಿದ್ದಪ್ಪ ಕೇಸಿಗಿಂತ ಇದೇನು ಬೇರೆ?

420 ಅನ್ನೋದು ಈಗ 318(4) ಆಗಿದೆ. ಇದನ್ನು ನಾನು ಖಂಡಿಸುತ್ತೇನೆ. "ಅವನೊಬ್ಬ ಫೋರ್ ಟ್ವೆಂಟಿ" ಅನ್ನುವುದರಲ್ಲಿ ಒಂದು ಖದರ್ ಇತ್ತು. "ಅವನೊಬ್ಬ ಮುನ್ನೂರ ಹದಿನೆಂಟು, ಆವರಣದಲ್ಲಿ ನಾಲ್ಕು" ಅಂತ ಬೈದರೆ ಯಾವ ಮೋಸಗಾರನಿಗೆ ನಾಟುತ್ತದೆ? ಕೊಲೆಯ 302 ಈಗ 103. ಹೊಸ 302 ಧಾರ್ಮಿಕ ಭಾವನೆಗೆ ನೋವು ಮಾಡುವ ಮಾತಿನ ಬಗ್ಗೆ. "ನಿನ್ ಮೇಲೆ ತ್ರೀ ನಾಟ್ ಟೂ ಹಾಕಿಸ್ತೀನಿ" ಅಂತ ಇಷ್ಟು ವರ್ಷ ಹೆದರಿಸಿದ ನಮ್ಮೂರಿನ ಯಜಮಾನರೊಬ್ಬರು ಈಗ ಗೊತ್ತಿಲ್ಲದೆ ಧರ್ಮರಕ್ಷಣೆ ಮಾಡುತ್ತಿದ್ದಾರೆ.

ಇರಲಿ, ಪಹಣಿಗೆ ಬರೋಣ. ನನ್ನ ಕೈಯಲ್ಲಿರುವುದು ಅದೇ.

ಪಹಣಿಗೆ ಎಲ್ಲರೂ ಆರ್‌ಟಿಸಿ ಅನ್ನುತ್ತಾರೆ. ಆರ್ ಅಂದರೆ ಹಕ್ಕು, ಸಿ ಅಂದರೆ ಬೆಳೆ. ನಡುವಿನ ಟಿ ಅಂದರೆ ಟೆನೆನ್ಸಿ, ಗೇಣಿ. 1974ರ ಮಾರ್ಚ್ 1ಕ್ಕೆ ಕರ್ನಾಟಕದಲ್ಲಿ ಗೇಣಿ ರದ್ದಾಯಿತು. ಸೈನಿಕರಂಥ ಕೆಲವರಿಗೆ ಬಿಟ್ಟರೆ ಹೊಲ ಗೇಣಿಗೆ ಕೊಡುವ ಹಾಗಿಲ್ಲ. ಉಳುವವನೇ ಹೊಲದೊಡೆಯ. ಲಕ್ಷಾಂತರ ಮನೆಗಳಲ್ಲಿ ಒಲೆ ಉರಿದಿದ್ದು ಆ ಕಾಯ್ದೆಯಿಂದ, ನಮ್ಮಜ್ಜನ ಮನೆಯೂ ಅದರಲ್ಲೊಂದು. ಆದರೆ ಟಿ ಹೋಗಲಿಲ್ಲ. ಐವತ್ತು ವರ್ಷ ದಾಟಿದರೂ ಹಾಗೇ ಕೂತಿದೆ. ಹೊಲ ಬಿಟ್ಟುಕೊಟ್ಟ ಒಡೆಯ ಕಾಗದದಲ್ಲಿ ಮಾತ್ರ ಚಾಪೆ ಹಾಸಿಕೊಂಡು ಮಲಗಿದ ಹಾಗೆ.

ಈಗ ಎರಡೂ ಜೋಡಿಸಿ ನೋಡಿ. ನಾಲ್ಕು ತಿಂಗಳ ಅಂತರದಲ್ಲಿ, ಅದೇ ದೇವರಾಜ ಅರಸರ ಸರ್ಕಾರದ ಕಾಲದಲ್ಲಿ ನಡೆದ ಎರಡು ಕೆಲಸ. ಕಾಯ್ದೆಗಳಿಂದ ಮೈಸೂರು ಅನ್ನೋ ಪದ ತೆಗೆದರು, ಊರು ಅಲ್ಲೇ ಇದೆ. ಹೊಲದಿಂದ ಗೇಣಿ ತೆಗೆದರು, ಪದ ಅಲ್ಲೇ ಇದೆ.

ಪಹಣಿಯಲ್ಲಿ ವಿಸ್ತೀರ್ಣ ನೋಡಿ. ಎಕರೆ, ಗುಂಟೆ, ಆಣೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. 1957ರ ಏಪ್ರಿಲ್ 1ಕ್ಕೆ ದೇಶದಲ್ಲಿ ಹೊಸ ಪೈಸೆ ಬಂತು, ಆಣೆಯ ಕಾಲ ಮುಗಿಯಿತು. ಮಾರುಕಟ್ಟೆಯಲ್ಲಿ ಆಣೆ ಕೊಟ್ಟರೆ ನಾಣ್ಯ ಸಂಗ್ರಹ ಮಾಡುವವರು ಬಿಟ್ಟು ಬೇರೆ ಯಾರೂ ಮುಟ್ಟಲ್ಲ. ನಮ್ಮ ಹೊಲದಲ್ಲಿ ಮಾತ್ರ ಎಂಟಾಣೆ ಇನ್ನೂ ಚಲಾವಣೆಯಲ್ಲಿದೆ. ಆ ಎಂಟಾಣೆ ಜಾಗಕ್ಕೆ ನಮ್ಮ ಚಿಕ್ಕಪ್ಪನಿಗೂ ನನಗೂ ಮಾತು ಬಿಟ್ಟು ಮೂರು ಯುಗಾದಿ ಆಯಿತು.

ಆಮೇಲೆ ಖರಾಬು. ಕೆಟ್ಟದ್ದು ಅಂತ ಅರ್ಥ. ಅದರಲ್ಲಿ ಎ ಖರಾಬು, ಬಿ ಖರಾಬು ಅಂತ ಎರಡು. ಎ ಅಂದರೆ ಬೇಸಾಯಕ್ಕೆ ಬಾರದ ಜಾಗ, ಕಣದಂಥದ್ದು. ಬಿ ಅಂದರೆ ದಾರಿ, ಹಳ್ಳ, ಸ್ಮಶಾನ, ಸಾರ್ವಜನಿಕರದ್ದು. ಕಣದಲ್ಲಿ ರಾಶಿ ಪೂಜೆ ಮಾಡುತ್ತೇವೆ. ಹಳ್ಳದಲ್ಲಿ ನೀರು ಹರಿಯುತ್ತದೆ. ಸ್ಮಶಾನದಲ್ಲಿ ನಮ್ಮಪ್ಪ ಮಲಗಿದ್ದಾರೆ. ಸರ್ಕಾರದ ಪುಸ್ತಕದಲ್ಲಿ ಮೂರೂ ಖರಾಬು. ಕಂದಾಯ ಹುಟ್ಟದ ಜಾಗವೆಲ್ಲ ಕೆಟ್ಟದ್ದು ಅಂತ ಹಿಂದೆ ಯಾರೋ ತೀರ್ಮಾನ ಮಾಡಿದರು, ಆ ಪದವನ್ನು ಪರಿಷ್ಕರಿಸಲು ಇನ್ನೂ ಯಾರಿಗೂ ಪುರುಸೊತ್ತು ಸಿಕ್ಕಿಲ್ಲ.

ಹೊಲ ಭಾಗ ಮಾಡಿಕೊಂಡು ಪೋಡಿ, ಅಂದರೆ ಅಳತೆ ಮಾಡಿಸಿ ಬೇರೆ ನಂಬರು, ಮಾಡಿಸದಿದ್ದರೆ ಸರ್ವೆ ನಂಬರಿನ ಮುಂದೆ 'ಪೈಕಿ' ಅಂತ ಬರುತ್ತದೆ. ಇಷ್ಟರ ಪೈಕಿ ಎಲ್ಲೋ ಒಂದು ಕಡೆ ನಿಮ್ಮದಿದೆ ಅಂತ. ಎಲ್ಲಿ ಅಂತ ಹೇಳಲ್ಲ. ದೇವರ ಬಗ್ಗೆ ಹಿರಿಯರು ಹೇಳುವುದೂ ಹೀಗೇ.

ಕಂದಾಯ ಕಾಯ್ದೆಯಲ್ಲಿ ನನಗೆ ತುಂಬ ಇಷ್ಟವಾದ ವ್ಯಾಖ್ಯಾನ ಚಾವಡಿಯದ್ದು. ಚಾವಡಿ ಅಂದರೆ ಏನು ಅಂತ ಅದು ಹೇಳುವ ಗೋಜಿಗೆ ಹೋಗಿಲ್ಲ. ಊರಲ್ಲಿ ಚಾವಡಿ ಇಲ್ಲದಿದ್ದರೆ ಅಧಿಕಾರಿಗಳು ತೋರಿಸಿದ ಜಾಗವೂ ಚಾವಡಿಯೇ ಅನ್ನುತ್ತದೆ, ಅಷ್ಟೇ. ಹುಣಸೆ ಮರದ ಕಡೆ ಬೆರಳು ತೋರಿಸಿದರೆ ಮರದ ಬುಡ ಚಾವಡಿ. ಇದೇ ಧೈರ್ಯದಲ್ಲಿ ಆಸ್ಪತ್ರೆ, ಬಸ್ ನಿಲ್ದಾಣಕ್ಕೂ ವ್ಯಾಖ್ಯಾನ ಬರೆದಿದ್ದರೆ ನಮ್ಮ ತಾಲ್ಲೂಕು ಎಷ್ಟೋ ಮುಂದುವರಿದಿರುತ್ತಿತ್ತು.

ನೀವು ಬೆಂಗಳೂರಿನವರಾದರೆ ನಗಬೇಡಿ. ನಿಮ್ಮದು ಇನ್ನೂ ಚೆನ್ನಾಗಿದೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯಿತು. ಹದಿನೆಂಟು ವರ್ಷ ಯೋಚನೆ ಮಾಡಿ, 2025ರ ಸೆಪ್ಟೆಂಬರಿನಲ್ಲಿ ಅದನ್ನು ತೆಗೆದು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮಾಡಿದರು. ಬೃಹತ್ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ? ಗ್ರೇಟರ್. ಜೊತೆಗೆ ಒಂದು ಪಾಲಿಕೆ ಹೋಗಿ ಐದು ಬಂದವು. ಅದರಲ್ಲಿ ಒಂದು ಬೆಂಗಳೂರು ದಕ್ಷಿಣ.

ಈ ಬೆಂಗಳೂರು ದಕ್ಷಿಣದ ಕಥೆ ಕೇಳಿ. ಆ ಹೆಸರಿನ ಲೋಕಸಭಾ ಕ್ಷೇತ್ರ ಇದೆ. ವಿಧಾನಸಭಾ ಕ್ಷೇತ್ರ ಇದೆ. ತಾಲ್ಲೂಕು ಇದೆ. ಈಗ ಪಾಲಿಕೆ ಬಂತು. ಸಾಲದು ಅಂತ 2025ರಲ್ಲೇ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆ ಅಂತ ಹೆಸರಿಟ್ಟರು. ಐದಕ್ಕೂ ಬೇರೆ ಬೇರೆ ಗಡಿ. ಬೆಂಗಳೂರು ದಕ್ಷಿಣ ಜಿಲ್ಲೆಯ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯವರು ಲೋಕಸಭೆಗೆ ವೋಟು ಹಾಕುವುದು ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ. ಬೆಂಗಳೂರು ಗ್ರಾಮಾಂತರ ಅನ್ನೋ ಜಿಲ್ಲೆ ಬೇರೆ ಇದೆ, ಅದು ಊರಿನ ಇನ್ನೊಂದು ಮಗ್ಗುಲಲ್ಲಿ. ನಮ್ಮಪ್ಪ ಒಬ್ಬನೇ ಮನುಷ್ಯ, ಎರಡು ಹೆಸರು ಅಂತ ತಡೆದರು. ಇಲ್ಲಿ ಒಂದೇ ಹೆಸರಿಗೆ ಐದು ಜಾಗ. ಇವೆಲ್ಲ ಒಂದೇ ಅಲ್ಲ ಅಂತ ಇನ್ನೊಂದು ಬಗೆಯ ಅಫಿಡವಿಟ್ ಬೇಕಾಗುತ್ತದೆ. ಅದಕ್ಕೂ 100 ರೂಪಾಯಿಯೇ ಇರಬೇಕು.

ಕಲಬುರಗಿ ಕಡೆಯವರು ಇದನ್ನು ಅನುಭವಿಸಿ ಹಣ್ಣಾಗಿದ್ದಾರೆ. 2014ರಲ್ಲಿ ಬೇರೆ ಹನ್ನೊಂದು ಊರುಗಳ ಜೊತೆ ಗುಲ್ಬರ್ಗಾ ಹೋಗಿ ಕಲಬುರಗಿ ಬಂತು. ವಿಶ್ವವಿದ್ಯಾಲಯ ಗುಲ್ಬರ್ಗಾದ್ದಾಗಿಯೇ ಉಳಿಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯಲ್ಲಿ ಮಾತ್ರ ಅದು ಇನ್ನೂ ಹೈದರಾಬಾದ್ ಕರ್ನಾಟಕವೇ. ಭಾಷಣಕ್ಕೆ ಕಲ್ಯಾಣ, ಸರ್ಟಿಫಿಕೇಟಿಗೆ ಹೈದರಾಬಾದ್.

ಅಷ್ಟರಲ್ಲಿ ಟೈಪಿಂಗ್ ಅಂಗಡಿಯ ಹುಡುಗ ಕೂಗಿದ. ನನ್ನ ಅಫಿಡವಿಟ್ ಸಿದ್ಧವಾಗಿತ್ತು. ಅಥವಾ ಸಿದ್ದವಾಗಿತ್ತು. ಸಹಿ ಹಾಕಿದೆ. ಹುಡುಗ ಚುರುಕಾಗಿದ್ದ. ತಲೆಯಲ್ಲಿ ಕೊರೆಯುತ್ತಿದ್ದದ್ದನ್ನು ಅವನಿಗೆ ಹೇಳಿದೆ. "ಇನ್ನೊಂದು ಹೊಡೀಬಹುದಾಪ್ಪ?"

"ಹೇಳಿ ಸಾರ್. ಫಾರ್ಮ್ಯಾಟ್ ಇದ್ದೇ ಇದೆ, ಹೆಸರು ಬದಲಾಯಿಸಿದ್ರಾಯ್ತು."

ಹೇಳುತ್ತಾ ಹೋದೆ. ಅವನು ಟೈಪ್ ಮಾಡುತ್ತಾ ಹೋದ.

"ಸರ್ಕಾರ ಎಂಬ ನಾನು, ವಯಸ್ಸು ಸರಿಯಾಗಿ ತಿಳಿಯದು, ವಾಸ ವಿಧಾನಸೌಧ, ಈ ಮೂಲಕ ಸತ್ಯವಾಗಿ ಪ್ರಮಾಣ ಮಾಡುವುದೇನೆಂದರೆ:

ಮೈಸೂರು ರಾಜ್ಯ ಎಂಬ ಹೆಸರಿನಿಂದ ಕರೆಯಲ್ಪಡುತ್ತಿದ್ದವನೂ ನಾನೇ, ಕರ್ನಾಟಕ ರಾಜ್ಯ ಎಂದು ಕರೆಯಲ್ಪಡುತ್ತಿರುವವನೂ ನಾನೇ. 1899ರಲ್ಲಿ ಇಲ್ಲದಿದ್ದಾಗಲೂ ಇದ್ದವನು ನಾನೇ. ಶಾನುಭೋಗ, ಗ್ರಾಮ ಲೆಕ್ಕಿಗ, ಗ್ರಾಮ ಲೆಕ್ಕಾಧಿಕಾರಿ, ಗ್ರಾಮ ಆಡಳಿತ ಅಧಿಕಾರಿ ಎಂಬ ನಾಲ್ಕೂ ಹೆಸರಿನಲ್ಲಿ ರೈತನಿಗೆ ನಾಳೆ ಬಾ ಎಂದು ಹೇಳಿದವನು ನಾನೊಬ್ಬನೇ. ಬೃಹತ್ ಮತ್ತು ಗ್ರೇಟರ್ ಎಂಬ ಹೆಸರಿನ ರಸ್ತೆಗುಂಡಿಗಳು ಒಂದೇ ಗುಂಡಿಗಳಾಗಿರುತ್ತವೆ. ನಾನು ಅವನು ಎಂದಲ್ಲಿ ಅವಳು ಎಂದೂ ಓದಿಕೊಳ್ಳತಕ್ಕದ್ದು, ಆದರೆ ಅವಳಿಗೆ ಪಹಣಿ ಬೇಕಾದಾಗ ಅಣ್ಣತಮ್ಮಂದಿರನ್ನು ಕೇಳಿಕೊಂಡು ಬರತಕ್ಕದ್ದು. ಮೇಲೆ ಬರೆದದ್ದೆಲ್ಲ ನನ್ನ ತಿಳಿವಳಿಕೆಯ ಮಟ್ಟಿಗೆ ಸರಿಯಾಗಿರುತ್ತದೆ, ತಪ್ಪಾದಲ್ಲಿ ಅರ್ಜಿದಾರರೇ ಹೊಣೆ."

ಹುಡುಗ ನಗದೆ ಟೈಪ್ ಮಾಡಿದ. ಪ್ರಿಂಟ್ ತೆಗೆದು ನೋಟರಿಯವರ ಮೇಜಿನ ಮೇಲಿಟ್ಟ. ಅವರು ಕನ್ನಡಕ ಏರಿಸಿಕೊಂಡು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. ಸೀಲನ್ನು ಕೈಗೆ ತಗೊಂಡು, ಮತ್ತೆ ಕೆಳಗಿಟ್ಟರು.

"ಎಲ್ಲಾ ಸರಿ ಇದೆ ರೀ. ಸಹಿ ಮಾಡೋರನ್ನ ನಾನು ಬಲ್ಲೆ ಅಂತ ಗುರುತಿಸೋರು ಒಬ್ಬರು ಬೇಕಲ್ಲ. ಯಾರಾದ್ರೂ ಇದ್ದಾರಾ?"

ಹೊಂಗೆ ಮರದ ಕೆಳಗೆ ಮೂವತ್ತು ಜನ ಕೂತಿದ್ದರು. ಒಬ್ಬೊಬ್ಬರ ಮುಖ ನೋಡಿದೆ. ಎಲ್ಲರೂ ಬೇರೆ ಕಡೆ ತಿರುಗಿದರು.